ತಗಡಿನ ಡಬ್ಬಿಯಿಂದ ಕೋರ್ಟ್‌ಹೌಸಿನ ತನಕ: ನೂರು ವರ್ಷ ಹಿಂದಿನ ಲಾಡ್ಜ್ ಸದಸ್ಯನ ಜಾಡು ಹಿಡಿಯುವುದು ಹೇಗೆ

ನಮ್ಮ ಮನೆ ಇರುವುದು ಇಲಿನಾಯ್ ರಾಜ್ಯದ ನಡುಭಾಗದಲ್ಲಿ. ಪಿಯೋರಿಯಾದಿಂದ ಒಂದು ಗಂಟೆ ದಾರಿ, ಸುತ್ತಲೂ ಗೋವಿನಜೋಳ ಮತ್ತು ಸೋಯಾ ಬೆಳೆಯುವ ಸಣ್ಣ ಊರು. ಮನೆ 1906ರಲ್ಲಿ ಕಟ್ಟಿದ್ದು. ನಾವು ಕೊಂಡ ಮರುವರ್ಷ ಅಟ್ಟದ ಕೆಲಸಕ್ಕೆ ಬಂದವರು, ತೊಲೆಯ ಸಂದಿಯಲ್ಲಿತ್ತು ಎಂದು ಒಂದು ತಗಡಿನ ಡಬ್ಬಿ ತಂದು ಕೈಗಿಟ್ಟರು. ಒಳಗೆ ಗೇಣುದ್ದದ ಕೆಂಪು ರೇಷ್ಮೆ ರಿಬ್ಬನ್. ಮೇಲೆ ಹಿತ್ತಾಳೆಯ ಪಿನ್ನು, ನಡುವೆ ಒಂದು ಸೆಲ್ಯುಲಾಯ್ಡ್ ಬಿಲ್ಲೆ, ಕೆಳಗೆ ಜರಿಯ ಕುಚ್ಚು. ಬಿಲ್ಲೆಯ ಮೇಲೆ ಒಂದಕ್ಕೊಂದು ಸಿಕ್ಕಿಕೊಂಡ ಮೂರು ಸರಪಳಿ ಕೊಂಡಿಗಳು, ಒಂದೊಂದರೊಳಗೂ ಒಂದೊಂದು ಅಕ್ಷರ: ಎಫ್, ಎಲ್, ಟಿ. ತಿರುಗಿಸಿದರೆ ಹಿಂಭಾಗ ಅಚ್ಚ ಕಪ್ಪು, ಅದರ ಮೇಲೆ ಬೆಳ್ಳಿ ಬಣ್ಣದಲ್ಲಿ ‘ಇನ್ ಮೆಮೋರಿಯಮ್’, ಅಂದರೆ ‘ನೆನಪಿಗಾಗಿ’.

ಆ ರಿಬ್ಬನ್ನಿನ ಒಡೆಯ ಯಾರು, ಈ ಊರಲ್ಲಿ ಹೇಗೆ ಬಾಳಿದ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಈಗ ಶನಿವಾರಗಳಂದು ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಸ್ವಯಂಸೇವಕಿಯಾಗಿ ಕೂರುತ್ತೇನೆ. ಇಂಥದೇ ಹಳೆಯ ಮನೆ ಕೊಂಡವರು, ಅವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ, ಇಂಥದೇ ಡಬ್ಬಿ ಹಿಡಿದು ಬರುತ್ತಾರೆ. ಅವರಿಗೆ ಪ್ರತಿಸಲ ಬಾಯಲ್ಲಿ ಹೇಳುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ದಾರಿ ಗೊತ್ತಿದ್ದರೆ ಇದು ಎರಡು ತಿಂಗಳ ಕೆಲಸ.

ಹೊರಡುವ ಮೊದಲು ಒಂದು ಮಾತು. ಲಾಡ್ಜ್ ಎಂದೊಡನೆ ಎಲ್ಲರೂ ಗುಟ್ಟಿನ ಬೆನ್ನು ಹತ್ತುತ್ತಾರೆ: ಕೈಕುಲುಕುವ ರೀತಿ ಏನು, ಸಂಕೇತಪದ ಏನು, ದೀಕ್ಷೆಯ ದಿನ ಏನು ಮಾಡುತ್ತಿದ್ದರು. ನಾನೂ ಆರು ತಿಂಗಳು ಅದರಲ್ಲೇ ಕಳೆದೆ, ಏನೂ ಸಿಗಲಿಲ್ಲ. ಮನುಷ್ಯ ಸಿಕ್ಕಿದ್ದು ಲೆಕ್ಕದ ಪುಸ್ತಕದಲ್ಲಿ. ಯಾರು ವಂತಿಗೆ ಕಟ್ಟಿದರು, ಕಾಯಿಲೆ ಬಿದ್ದಾಗ ಯಾರಿಗೆ ಎಷ್ಟು ಕೊಟ್ಟರು, ಸತ್ತ ಮೇಲೆ ಹೆಂಡತಿಯ ಕೈಗೆ ಎಷ್ಟು ಬಂತು ಎಂದು ನೋಡುತ್ತ ಹೋಗಿ. ಊರಿನ ಬದುಕೆಲ್ಲ ಆ ದುಡ್ಡಿನ ಹಿಂದೆಯೇ ನಡೆದು ಬರುತ್ತದೆ.

ಲಾಡ್ಜ್ ಎಂದರೆ ಇಲ್ಲಿ ಏನು

ನಮ್ಮ ಕಡೆ ಲಾಡ್ಜ್ ಎಂದರೆ ಬಸ್‌ಸ್ಟ್ಯಾಂಡಿನ ಎದುರು ರಾತ್ರಿ ಉಳಿಯುವ ಜಾಗ. ಇಲ್ಲಿ ಅದು ಒಂದು ಭ್ರಾತೃ ಸಂಘದ ಊರ ಶಾಖೆ. ವಾರಕ್ಕೊಂದು ಸಂಜೆ ಸೇರುತ್ತಿದ್ದರು, ವಂತಿಗೆ ಕಟ್ಟುತ್ತಿದ್ದರು, ಒಬ್ಬರಿಗೊಬ್ಬರು ‘ಬ್ರದರ್’ ಎನ್ನುತ್ತಿದ್ದರು. 1910ರ ಸುಮಾರಿಗೆ ಅಮೆರಿಕದ ವಯಸ್ಕ ಗಂಡಸರಲ್ಲಿ ಮೂವರಿಗೆ ಒಬ್ಬರಾದರೂ ಇಂಥದೊಂದು ಸಂಘದಲ್ಲಿದ್ದರು ಎಂಬುದು ಇತಿಹಾಸಕಾರರ ಅಂದಾಜು. ಸಾಮಾನ್ಯ ದುಡಿಯುವವರಿಗೆ ಸರ್ಕಾರದ ವೃದ್ಧಾಪ್ಯ ಪಿಂಚಣಿ ಇಲ್ಲ, ನಿರುದ್ಯೋಗ ಭತ್ಯೆ ಇಲ್ಲ, ದುಡಿಯುವವನು ಮಲಗಿದರೆ ಒಲೆ ಆರುತ್ತಿದ್ದ ಕಾಲ ಅದು.

ನನ್ನ ರಿಬ್ಬನ್ನಿನ ಮೂರು ಕೊಂಡಿ ಆಡ್ ಫೆಲೋಸ್ ಎಂಬ ಸಂಘದ ಗುರುತು. ಎಫ್, ಎಲ್, ಟಿ ಎಂದರೆ ಸ್ನೇಹ, ಪ್ರೀತಿ, ಸತ್ಯ. ಇಂಗ್ಲೆಂಡಿನಿಂದ ಬಂದಿದ್ದ ಥಾಮಸ್ ವೈಲ್ಡಿ 1819ರ ಏಪ್ರಿಲ್ 26ರಂದು ಬಾಲ್ಟಿಮೋರಿನಲ್ಲಿ ಅದರ ಅಮೆರಿಕದ ಶಾಖೆ ತೆರೆದ. ಸದಸ್ಯರಿಗೆ ಕೊಟ್ಟ ಅಪ್ಪಣೆ ನಾಲ್ಕು: ಕಾಯಿಲೆಯವರನ್ನು ಹೋಗಿ ನೋಡು, ಕಷ್ಟದಲ್ಲಿದ್ದವರಿಗೆ ನೆರವಾಗು, ಸತ್ತವರನ್ನು ಮಣ್ಣು ಮಾಡು, ತಬ್ಬಲಿಗಳನ್ನು ಓದಿಸು.

ಇನ್ನೊಂದು ಬಗೆಯ ಸಂಘಗಳು ನೇರವಾಗಿ ವಿಮೆಗೆಂದೇ ಹುಟ್ಟಿದವು. 1868ರಲ್ಲಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಲ್ಲಿ ಜಾನ್ ಅಪ್‌ಚರ್ಚ್ ಎಂಬ ರೈಲ್ವೆ ಮೆಕ್ಯಾನಿಕ್ ಕಟ್ಟಿದ ಸಂಘ ದಾರಿ ತೋರಿಸಿತು. ಒಬ್ಬ ಸದಸ್ಯ ಸತ್ತರೆ ಉಳಿದವರೆಲ್ಲ ಒಂದೊಂದು ಡಾಲರ್ ಹಾಕಬೇಕು, ಆ ದುಡ್ಡು ಅವನ ಮನೆಯವರಿಗೆ. 1883ರಲ್ಲಿ ಅಯೋವಾದ ಲಯನ್ಸ್ ಊರಲ್ಲಿ ಜೋಸೆಫ್ ಕಲೆನ್ ರೂಟ್ ಮಾಡರ್ನ್ ವುಡ್‌ಮೆನ್ ಕಟ್ಟಿದ. ಅದರ ಮುಖ್ಯ ಕಚೇರಿ ಆಮೇಲೆ ನಮ್ಮ ಇಲಿನಾಯ್‌ನ ರಾಕ್ ಐಲೆಂಡಿಗೆ ಬಂತು. ಅಲ್ಲಿ ಜಗಳವಾಗಿ ಹೊರಬಿದ್ದ ಅದೇ ರೂಟ್ 1890ರಲ್ಲಿ ಒಮಾಹಾದಲ್ಲಿ ವುಡ್‌ಮೆನ್ ಆಫ್ ದಿ ವರ್ಲ್ಡ್ ಆರಂಭಿಸಿದ. ಎರಡನ್ನೂ ಜನ ಈಗಲೂ ಕಲಸಿಬಿಡುತ್ತಾರೆ. ಒಬ್ಬನೇ ಮನುಷ್ಯ ಎರಡು ಮೂರು ಕಡೆ ಸದಸ್ಯನಾಗಿರುವುದು ಮಾಮೂಲಾಗಿತ್ತು. ಹಾಗಾಗಿ ಒಂದು ಗುರುತು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬೇಡಿ.

ಕೈಯಲ್ಲಿರುವ ವಸ್ತುವಿನಿಂದ ಶುರು ಮಾಡಿ

ರಿಬ್ಬನ್ ಸಿಕ್ಕರೆ ಮೊದಲು ಮುಟ್ಟದೆ ಫೋಟೋ ತೆಗೆಯಿರಿ, ಎರಡೂ ಬದಿ. ನಾನು ಹಾಗೆ ಮಾಡಲಿಲ್ಲ. ಧೂಳು ಹೋಗಲಿ ಎಂದು ಒದ್ದೆ ಹತ್ತಿಯಿಂದ ಒರೆಸಿದೆ. ಕೆಂಪು ಬಣ್ಣ ಹತ್ತಿಗೆ ಇಳಿಯಿತು, ಮಡಿಕೆಯಲ್ಲಿ ರೇಷ್ಮೆ ಉದ್ದಕ್ಕೆ ಸೀಳಿತು. ಆ ಕಾಲದ ಅಗ್ಗದ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣ ಕುಡಿಸುತ್ತಿದ್ದರು. ವರ್ಷ ಕಳೆದಂತೆ ಅದು ಒಣ ಎಲೆಯ ಹಾಗೆ ಪುಡಿಯಾಗುತ್ತದೆ. ಆ ಸೀಳು ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರುಕ್ಕೆನ್ನುತ್ತದೆ. ನೀವು ಆಸಿಡ್ ಇಲ್ಲದ ಕಾಗದದ ಮೇಲೆ ಮಡಿಸದೆ ಚಪ್ಪಟೆಯಾಗಿ ಮಲಗಿಸಿ. ಸೆಲ್ಯುಲಾಯ್ಡ್ ಬಿಲ್ಲೆ ಇದ್ದರೆ ಬೇರೆ ವಸ್ತುಗಳ ಜೊತೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ. ಅದು ಹಳತಾದಾಗ ಬಿಡುವ ಆವಿ ಪಕ್ಕದ್ದನ್ನೂ ಹಾಳು ಮಾಡುತ್ತದೆ.

ಆಮೇಲೆ ತಿರುಗಿಸಿ ನೋಡಿ. ಈ ಎರಡು ಮುಖದ ರಿಬ್ಬನ್ನುಗಳಲ್ಲೇ ಆ ಕಾಲದ ಊರ ಬದುಕು ಪೂರ್ತಿ ಇದೆ ಎಂದು ನನಗೆ ಅನಿಸುತ್ತದೆ. ಹಬ್ಬ, ಮೆರವಣಿಗೆ, ಹೊಸ ಕಟ್ಟಡಕ್ಕೆ ಅಡಿಗಲ್ಲು ಇದ್ದಾಗ ಕೆಂಪು ಮುಖ ಹೊರಗೆ. ಬ್ರದರ್ ಒಬ್ಬ ಸತ್ತಾಗ ಅದೇ ಪಿನ್ನಿನಲ್ಲಿ ಮಗುಚಿ ಹಾಕಿದರೆ ಕಪ್ಪು ಮುಖ ಹೊರಗೆ. ಬಿಲ್ಲೆಯ ಹಿಂದೆ ಸಣ್ಣ ಕಾಗದದ ಚೀಟಿ ಅಂಟಿಸಿರುತ್ತದೆ. ಅದರಲ್ಲಿ ತಯಾರಕರ ಹೆಸರಿರುತ್ತದೆ, ನನ್ನದರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕಿನ ವೈಟ್‌ಹೆಡ್ ಅಂಡ್ ಹೋಗ್ ಎಂದಿತ್ತು. ನಿಮಗೆ ಬೇಕಾದ್ದು ರಿಬ್ಬನ್ ಮೇಲೆ ಅಚ್ಚಾದ ಲಾಡ್ಜಿನ ಹೆಸರು, ಸಂಖ್ಯೆ ಮತ್ತು ಊರು. ಮೂರನ್ನೂ ಒಟ್ಟಿಗೆ ಬರೆದುಕೊಳ್ಳಿ. ಆಡ್ ಫೆಲೋಸ್ ಮತ್ತು ಮೇಸನ್ (ಇದು ಇನ್ನೊಂದು ಹಳೆಯ ಭ್ರಾತೃ ಸಂಘ) ಲಾಡ್ಜುಗಳ ಸಂಖ್ಯೆ ಆಯಾ ರಾಜ್ಯದೊಳಗೆ ಮಾತ್ರ ಲೆಕ್ಕ. ಇಲಿನಾಯ್‌ನಲ್ಲಿ ಇರುವ ಸಂಖ್ಯೆಯೇ ಅಯೋವಾದಲ್ಲೂ ಇರುತ್ತದೆ, ಒಹಾಯೋದಲ್ಲೂ ಇರುತ್ತದೆ. ರಿಬ್ಬನ್ನಿನ ಊರ ಹೆಸರು ಅರ್ಧ ಅಳಿಸಿದ್ದರಿಂದ ನಾನು ಸಂಖ್ಯೆಯನ್ನೇ ನಂಬಿ ಬೇರೆ ರಾಜ್ಯಕ್ಕೆ ಪತ್ರ ಬರೆದೆ, ಉತ್ತರ ಬರುವ ತನಕ ಎರಡು ತಿಂಗಳು ಕಾದೆ.

ಗೋರಿ ಕಲ್ಲು, ಕಟ್ಟಡ

ಊರ ಸ್ಮಶಾನಕ್ಕೆ ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ. ಮೋಡವಿದ್ದರೆ ಟಾರ್ಚನ್ನು ಬದಿಯಿಂದ ಹಿಡಿಯಿರಿ. ಕಲ್ಲಿಗೆ ಶೇವಿಂಗ್ ಫೋಮ್, ಬ್ಲೀಚ್, ತಂತಿ ಬ್ರಷ್ ಯಾವುದನ್ನೂ ಮುಟ್ಟಿಸಬೇಡಿ. ಬರೀ ನೀರು ಸಾಕು.

ಮೂರು ಕೊಂಡಿ, ಅಥವಾ ಅಂಗೈಯೊಳಗೆ ಹೃದಯ ಕೆತ್ತಿದ್ದರೆ ಆಡ್ ಫೆಲೋಸ್. ಮೂಲೆಮಟ್ಟ ಮತ್ತು ಕೈವಾರ ಇದ್ದರೆ ಮೇಸನ್. ಪಾರಿವಾಳ, ಚಂದ್ರ, ಏಳು ನಕ್ಷತ್ರ ಕಂಡರೆ ರೆಬೆಕಾ, ಅಂದರೆ ಆಡ್ ಫೆಲೋಸ್‌ನ ಹೆಂಗಸರ ವಿಭಾಗ, 1851ರಲ್ಲಿ ಆರಂಭವಾದದ್ದು. ಎಫ್, ಸಿ, ಬಿ ಎಂಬ ಅಕ್ಷರವಿರುವ ಗುರಾಣಿ ನೈಟ್ಸ್ ಆಫ್ ಪಿಥಿಯಾಸ್ ಎಂಬ ಇನ್ನೊಂದು ಸಂಘದ್ದು. ಕೊಡಲಿ, ಕೊಡತಿ, ಬೆಣೆ ಮೂರೂ ಇದ್ದರೆ ವುಡ್‌ಮೆನ್. ಕಡಿದ ಮರದ ಬೊಡ್ಡೆಯ ಆಕಾರದಲ್ಲೇ ಇಡೀ ಕಲ್ಲು ನಿಂತಿದ್ದರೆ ಬಹುಮಟ್ಟಿಗೆ ವುಡ್‌ಮೆನ್ ಆಫ್ ದಿ ವರ್ಲ್ಡ್, ಏಕೆಂದರೆ ಅವರ ವಿಮೆಯಲ್ಲೇ ಗೋರಿ ಕಲ್ಲಿನ ಖರ್ಚೂ ಸೇರಿತ್ತು. ಬೊಡ್ಡೆಯ ಮೇಲೆ ತೊಗಟೆಯ ಗಂಟು, ಬಳ್ಳಿ, ಕೆಲವೊಮ್ಮೆ ಒಂದು ಹಕ್ಕಿಯನ್ನೂ ಕಡೆದಿರುತ್ತಾರೆ. ನಮ್ಮ ಊರಿನ ಸ್ಮಶಾನದಲ್ಲಿ ಅಂಥವು ಒಂಬತ್ತಿವೆ. ಸ್ಮಶಾನವನ್ನೇ ಲಾಡ್ಜ್ ಮಾಡಿಸಿಕೊಟ್ಟ ಊರುಗಳೂ ಬಹಳ. ಗೇಟಿನ ಕಮಾನಿನಲ್ಲಿ ‘ಐ.ಓ.ಓ.ಎಫ್.’ (ಆಡ್ ಫೆಲೋಸ್ ಸಂಘದ ಪೂರ್ತಿ ಹೆಸರಿನ ಮೊದಲಕ್ಷರಗಳು) ಎಂದು ಕಬ್ಬಿಣದ ಅಕ್ಷರವಿದೆಯೇ ನೋಡಿ.

ಪೇಟೆಬೀದಿಯಲ್ಲಿ ನಡೆಯುವಾಗ ತಲೆಯೆತ್ತಿ ನಡೆಯಿರಿ. ಕೆಳಗೆ ಅಂಗಡಿ, ಮೇಲೆ ಸಭಾಂಗಣ, ಎರಡನ್ನೂ ಸೇರಿಸಿದ ಇಟ್ಟಿಗೆ ಕಟ್ಟಡ ಆ ಕಾಲದ ಪದ್ಧತಿ: ಅಂಗಡಿಯ ಬಾಡಿಗೆಯಿಂದ ಸಭಾಂಗಣದ ಸಾಲ ತೀರುತ್ತಿತ್ತು. ನೆತ್ತಿಯಲ್ಲಿ ಸಂಘದ ಗುರುತೂ ಇಸವಿಯೂ ಕೆತ್ತಿರುತ್ತವೆ. ಕೋರ್ಟ್‌ಹೌಸ್, ಶಾಲೆಗಳ ಅಡಿಗಲ್ಲನ್ನು ಮೇಸನ್ನರು ಇಟ್ಟಿದ್ದರೆ ಅದರ ಮೇಲೆ ‘ಎ.ಎಲ್. 5908’ ಎಂಬಂಥ ವಿಚಿತ್ರ ಇಸವಿ ಇರಬಹುದು. ಗಾಬರಿಯಾಗಬೇಡಿ, 4000 ಕಳೆಯಿರಿ. ಅದು 1908. ಜಗತ್ತಿನಲ್ಲಿ ಬೆಳಕು ಹುಟ್ಟಿದ ವರ್ಷದಿಂದ ಅವರ ಎಣಿಕೆ.

ಡೈರೆಕ್ಟರಿ, ನಕ್ಷೆ, ಪತ್ರಿಕೆ

ಊರಿನ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದು) ಹಳೆಯ ಡೈರೆಕ್ಟರಿಯನ್ನು ಗ್ರಂಥಾಲಯದಲ್ಲಿ ಕೇಳಿ ತೆಗೆಸಿಕೊಳ್ಳಿ. ಹೆಸರಿನ ಪಟ್ಟಿಗೆ ಹೋಗುವ ಮೊದಲು ‘ರಹಸ್ಯ ಮತ್ತು ಪರೋಪಕಾರಿ ಸಂಘಗಳು’ ಎಂಬ ಪುಟ ತೆರೆಯಿರಿ. ಯಾವ ಲಾಡ್ಜ್, ಯಾವ ವಾರ, ಯಾರ ಅಂಗಡಿಯ ಮಹಡಿಯಲ್ಲಿ, ಕಾರ್ಯದರ್ಶಿ ಯಾರು, ಎಲ್ಲ ಅಲ್ಲಿರುತ್ತದೆ. ಒಂದು ಹಾಳೆಯಲ್ಲಿ ವಾರದ ಏಳು ದಿನ ಬರೆದು ಲಾಡ್ಜುಗಳನ್ನು ಹಂಚಿ. ನಮ್ಮ ಊರಿನ ಹಾಳೆ ಮಾಡಿದಾಗ ಭಾನುವಾರ ಬಿಟ್ಟು ಒಂದು ಸಂಜೆಯೂ ಖಾಲಿ ಉಳಿಯಲಿಲ್ಲ.

ಅದರ ಜೊತೆಗೆ ಸ್ಯಾನ್‌ಬೋರ್ನ್ ಅಗ್ನಿವಿಮೆ ನಕ್ಷೆ, ಅಂದರೆ ವಿಮೆ ಕಂಪನಿಗಳಿಗೆಂದು ಒಂದೊಂದು ಕಟ್ಟಡವನ್ನೂ ತೋರಿಸಿ ಬರೆದ ಊರ ನಕ್ಷೆ ಇಟ್ಟುಕೊಳ್ಳಿ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ತಾಣದಲ್ಲಿ ಸಾವಿರಾರು ಊರುಗಳ ನಕ್ಷೆ ಉಚಿತವಾಗಿ ಸಿಗುತ್ತವೆ. ಗುಲಾಬಿ ಬಣ್ಣ ಇಟ್ಟಿಗೆ ಕಟ್ಟಡ, ಹಳದಿ ಮರದ್ದು. ಕಟ್ಟಡದೊಳಗೆ ಸಣ್ಣಕ್ಷರದಲ್ಲಿ ‘ಲಾಡ್ಜ್ ಹಾಲ್, ಮೂರನೆಯದು’ ಎಂದಿದ್ದರೆ ಮೂರನೆಯ ಅಂತಸ್ತು ಎಂದರ್ಥ. ಅಮೆರಿಕದಲ್ಲಿ ನೆಲಮಹಡಿಯೇ ಒಂದನೆಯದು ಎಂಬುದನ್ನು ಮರೆಯಬೇಡಿ.

ಪತ್ರಿಕೆಗಳಿಗೆ ಅದೇ ಗ್ರಂಥಾಲಯದ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹ ಇದೆ. ಇಲಿನಾಯ್‌ಗಾದರೆ ಇಲಿನಾಯ್ ವಿಶ್ವವಿದ್ಯಾಲಯದ ಡಿಜಿಟಲ್ ಪತ್ರಿಕಾ ಸಂಗ್ರಹವೂ ಇದೆ. ಇಲ್ಲಿ ಹೆಚ್ಚಿನವರು ಸೋಲುವುದು ಹುಡುಕುವ ಪದದಲ್ಲಿ. ಪೂರ್ತಿ ಹೆಸರು ಹಾಕಿದರೆ ಸಿಗುವುದಿಲ್ಲ, ಆಗ ಇನಿಷಿಯಲ್ ಬರೆಯುತ್ತಿದ್ದರು. ಹೆಂಗಸರ ಹೆಸರಂತೂ ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಸೇರಿಸಿದ್ದೇ ಇರುತ್ತದೆ. ನಾನು ಹೆಸರನ್ನು ಬಿಟ್ಟು ಹುದ್ದೆಯನ್ನು ಹಿಡಿದೆ. ಆಡ್ ಫೆಲೋಸ್ ಅಧ್ಯಕ್ಷನಿಗೆ ‘ನೋಬಲ್ ಗ್ರಾಂಡ್’, ಮೇಸನ್ನರಲ್ಲಿ ‘ವರ್ಷಿಪ್‌ಫುಲ್ ಮಾಸ್ಟರ್’, ಮಾಡರ್ನ್ ವುಡ್‌ಮೆನ್‌ಗಳಲ್ಲಿ ‘ವೆನೆರಬಲ್ ಕಾನ್ಸಲ್’. ಜನವರಿ ಮತ್ತು ಜುಲೈ ತಿಂಗಳ ಪತ್ರಿಕೆಗಳನ್ನು ಮೊದಲು ನೋಡಿ, ಹೊಸ ಪದಾಧಿಕಾರಿಗಳು ಪೀಠವೇರುತ್ತಿದ್ದದ್ದು ಆಗ. ಇಡೀ ಪಟ್ಟಿ ಅಚ್ಚಾಗುತ್ತಿತ್ತು. ಒಂದು ಜುಲೈಯ ಪಟ್ಟಿಯಲ್ಲಿ ನನ್ನ ಮನುಷ್ಯ ಸಿಕ್ಕಿದ: ಒಳಬಾಗಿಲ ಕಾವಲುಗಾರ. ಪೇಟೆಬೀದಿಯಲ್ಲಿ ಕುದುರೆಯ ಜೀನು, ಲಗಾಮು ಹೊಲಿಯುವ ಅಂಗಡಿ ಇಟ್ಟಿದ್ದವನು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ಮರಿಮಕ್ಕಳು ಇದೇ ಊರಲ್ಲಿದ್ದಾರೆ.

ಇನ್ನೊಂದು ಗಣಿ ಸಂತಾಪದ ಠರಾವು. ಸದಸ್ಯ ಸತ್ತ ವಾರ ಲಾಡ್ಜ್ ಮೂವರ ಸಮಿತಿ ಮಾಡಿ ಠರಾವು ಬರೆಸಿ ಪತ್ರಿಕೆಗೆ ಕೊಡುತ್ತಿತ್ತು: ಚಾರ್ಟರಿಗೆ, ಅಂದರೆ ಲಾಡ್ಜಿನ ಸ್ಥಾಪನೆಗೆ ಸಿಕ್ಕ ಅನುಮತಿ ಪತ್ರಕ್ಕೆ, ಮೂವತ್ತು ದಿನ ಕಪ್ಪುಬಟ್ಟೆ ಹೊದಿಸತಕ್ಕದ್ದು, ಒಂದು ಪ್ರತಿ ಕುಟುಂಬಕ್ಕೆ ಕಳುಹಿಸತಕ್ಕದ್ದು. ಭಾಷೆ ಎಲ್ಲ ಕಡೆ ಒಂದೇ, ಅದನ್ನು ಜಾರಿಸಿಬಿಡಿ. ಕೆಳಗೆ ಸಹಿ ಹಾಕಿದ ಮೂವರನ್ನು ಗುರುತು ಹಾಕಿಕೊಳ್ಳಿ. ಸತ್ತವನ ಹತ್ತಿರದ ಗೆಳೆಯರು ಅವರೇ ಆಗಿರಬಹುದು.

ನಡಾವಳಿ ಪುಸ್ತಕ

ಇಡೀ ಕೆಲಸದ ಜೀವ ಇದು, ಸಿಕ್ಕರೆ. ಮುಚ್ಚಿಹೋದ ಲಾಡ್ಜಿನ ಪುಸ್ತಕಗಳು ಸಾಮಾನ್ಯವಾಗಿ ಅದನ್ನು ಸೇರಿಸಿಕೊಂಡ ಪಕ್ಕದೂರಿನ ಲಾಡ್ಜಿನಲ್ಲಿ, ಕೌಂಟಿಯ ಇತಿಹಾಸ ಸಂಘದಲ್ಲಿ, ಇಲ್ಲವೇ ಕೊನೆಯ ಕಾರ್ಯದರ್ಶಿಯ ಮನೆಯ ಬೇಸ್‌ಮೆಂಟಿನಲ್ಲಿರುತ್ತವೆ. ಜೀವಂತ ಲಾಡ್ಜಿಗೆ ಹೋಗುವುದಾದರೆ ಮೊದಲೇ ಪತ್ರ ಬರೆದು ದಿನ ಗೊತ್ತುಮಾಡಿಕೊಳ್ಳಿ. ಈಗ ಸದಸ್ಯರು ಹತ್ತೋ ಹನ್ನೆರಡೋ ಇರುತ್ತಾರೆ, ಹೆಚ್ಚಿನವರು ಎಪ್ಪತ್ತು ದಾಟಿದವರು. ದೀಕ್ಷೆಯ ಬಗ್ಗೆ ಕೇಳಬೇಡಿ. ‘ಕಾಯಿಲೆಯವರಿಗೆ ನೀವು ಕೊಡುತ್ತಿದ್ದ ಸಹಾಯದ ಲೆಕ್ಕ ನೋಡಬೇಕಿತ್ತು’ ಎನ್ನಿ. ನಾನು ಹಾಗೆ ಕೇಳಿದ ದಿನ ಕಾರ್ಯದರ್ಶಿ ಅಜ್ಜ ಎದ್ದುಹೋಗಿ ಬೀರುವಿನಿಂದ ನಾಲ್ಕು ಪುಸ್ತಕ ಹೊತ್ತು ತಂದರು, ಕಾಫಿಯನ್ನೂ ತಂದುಕೊಟ್ಟರು.

ಪುಸ್ತಕ ದೊಡ್ಡದು, ಮೂಲೆಗಳಿಗೆ ಕೆಂಪು ಚರ್ಮ, ತೆರೆದರೆ ಹಳೆಯ ಗೋದಾಮಿನ ವಾಸನೆ. ಪುಟ ತಿರುವುವಾಗ ಕೈ ಒಣಗಿರಲಿ, ಪೆನ್ನು ದೂರವಿರಲಿ, ಪೆನ್ಸಿಲ್ ಮಾತ್ರ. ಪ್ರತಿ ಸಭೆಯ ನಡಾವಳಿ ಒಂದೇ ಕ್ರಮದಲ್ಲಿ ಸಾಗುತ್ತದೆ: ಹಾಜರಿ, ಹಿಂದಿನ ಸಭೆಯ ನಡಾವಳಿ ಓದಿದ್ದು, ಕಾಯಿಲೆಯವರ ವರದಿ, ಬಿಲ್ಲುಗಳು, ಹೊಸ ಅರ್ಜಿಗಳ ಮೇಲೆ ಮತ, ಕೊನೆಗೆ ‘ಈ ಸಂಜೆಯ ಜಮಾ’. ಮೊದಲ ದಿನ ಎಲ್ಲವನ್ನೂ ಓದಲು ಹೋಗಬೇಡಿ. ಬಲಬದಿಯ ದುಡ್ಡಿನ ಸಾಲನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ. ಎಲ್ಲಿ ದೊಡ್ಡ ಮೊತ್ತವಿದೆಯೋ ಅಲ್ಲಿ ನಿಂತು ಎಡಕ್ಕೆ ಹೋಗಿ.

ಹಾಗೆ ಓದುವಾಗ ನನ್ನ ಜೀನುಗಾರ ಎರಡು ಸಲ ಬಂದ. ಮೊದಲ ಸಲ ಕಾಲು ಮುರಿದುಕೊಂಡಾಗ: ವಾರಕ್ಕೆ 4 ಡಾಲರಿನಂತೆ ಐದು ವಾರ. ಕೂಲಿಯವನ ದಿನಗೂಲಿ ಎರಡು ಡಾಲರ್ ಆಸುಪಾಸು ಇದ್ದ ಕಾಲದಲ್ಲಿ ಅದು ಮನೆಯ ದಿನಸಿಗೆ ಸಾಕಾಗುವ ದುಡ್ಡು. ಎರಡನೆಯ ಸಲ 1913ರ ಫೆಬ್ರವರಿಯಲ್ಲಿ, ನ್ಯುಮೋನಿಯಾ. ಅಲ್ಲಿ ದುಡ್ಡಿನ ಪಕ್ಕ ಎಂಟು ಹೆಸರುಗಳಿದ್ದವು, ಎರಡೆರಡಾಗಿ ಜೋಡಿ ಮಾಡಿ, ಪ್ರತಿ ಜೋಡಿಯ ಎದುರು ಒಂದು ರಾತ್ರಿ. ಮೊದಲು ಅರ್ಥವಾಗಲಿಲ್ಲ. ಕಾರ್ಯದರ್ಶಿ ಅಜ್ಜ ಹೇಳಿದರು: ಅವರು ‘ವಾಚರ್ಸ್’. ಕಾಯಿಲೆ ಬಲಿತ ಬ್ರದರಿನ ಮನೆಗೆ ಹೋಗಿ ರಾತ್ರಿಯಿಡೀ ಎಚ್ಚರವಿದ್ದು ಕೂರಬೇಕಾದವರು, ಹೆಂಡತಿ ಸ್ವಲ್ಪ ನಿದ್ದೆ ಮಾಡಲಿ ಎಂದು. ಬ್ಯಾಂಕಿನ ಕ್ಯಾಷಿಯರ್ ಜೊತೆ ಕಲ್ಲಿದ್ದಲು ಗಾಡಿಯವ, ಶಾಲಾ ಮಾಸ್ತರರ ಜೊತೆ ಕ್ಷೌರಿಕ. ನಾನು ಈಗ ಮಲಗುವ ಕೋಣೆಯಲ್ಲೇ ಅವರು ಕೂತಿದ್ದರು. ಪಟ್ಟಿಯಲ್ಲಿ ಐದನೆಯ ರಾತ್ರಿ ಇರಲಿಲ್ಲ.

ಆ ಪುಟದ ಫೋಟೋವನ್ನು ಅಪ್ಪನಿಗೆ ಕಳುಹಿಸಿದೆ. ಅಪ್ಪ ಗದಗ ತಾಲೂಕಿನ ನಮ್ಮ ಊರಲ್ಲಿ ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದವರು. ಸಿದ್ದನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸೀಮೆ ನಮ್ಮದು, ಆ ಹೆಸರು ಕೇಳುತ್ತಲೇ ಬೆಳೆದವಳು ನಾನು. ಇಂಗ್ಲಿಷ್ ಅಷ್ಟಾಗಿ ಓದಲು ಬಾರದ ಅಪ್ಪ ಪುಟದ ಆಕಾರ ನೋಡಿಯೇ ಹೇಳಿದರು: “ನೋಡವಾ, ಇದು ನಮ್ಮ ಸೊಸೈಟಿ ಠರಾವ್ ಬುಕ್ಕಿನ್ಹಂಗ ಐತಿ. ಅಂವ ಕೆಳಗ ಸಹಿ ಮಾಡ್ಯಾನಲ್ಲ, ಅಂವನ ಸೆಕ್ರೆಟರಿ.” ಎರಡೂ ಕಡೆ ಒಂದೇ ಹೊತ್ತಿನಲ್ಲಿ ಸಾಮಾನ್ಯ ಜನ ಕೂತು, ಸೂಚಕರು ಅನುಮೋದಕರು ಎಂದು ಬರೆದು, ಪೈಸೆ ಪೈಸೆಗೆ ಲೆಕ್ಕ ಇಡುವುದನ್ನು ಕಲಿಯುತ್ತಿದ್ದರು. ಈ ಊರಿನ ಮೇಯರುಗಳು, ಶಾಲಾ ಮಂಡಳಿಯವರು, ಅಗ್ನಿಶಾಮಕ ದಳದ ಮುಖ್ಯಸ್ಥರು ಬಹಳ ಜನ ಮೊದಲು ಸಭೆ ನಡೆಸಲು ಕಲಿತದ್ದು ಲಾಡ್ಜಿನ ಪೀಠದಲ್ಲಿ. ಹೆಸರುಗಳನ್ನು ಎದುರುಬದುರು ಇಟ್ಟು ನೋಡಿದೆ, ನೀವೂ ನೋಡಿ.

ಊರ ಹೊರಗಿನ ಜಗತ್ತೂ ಆ ಪುಟಗಳಿಗೆ ಬರುತ್ತದೆ. 1906ರ ವಸಂತದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪಕ್ಕೆ ಎತ್ತಿದ ದುಡ್ಡು. ಅನಾಥ ಮಕ್ಕಳಿಗಾಗಿ ಲಿಂಕನ್ ಊರಲ್ಲಿ ಆಡ್ ಫೆಲೋಸ್ ನಡೆಸುತ್ತಿದ್ದ ಆಶ್ರಮಕ್ಕೆ ಪ್ರತಿ ಕ್ರಿಸ್‌ಮಸ್ಸಿಗೆ ಕೋಳಿ ಮತ್ತು ಸೇಬು. 1918ರ ಅಕ್ಟೋಬರಿನಲ್ಲಿ ಪುಟಗಳೇ ಇಲ್ಲ. ಇನ್‌ಫ್ಲುಯೆಂಜಾದಿಂದ ಸಭೆ ಸೇರುವುದು ನಿಂತಿತ್ತು. ಮತ್ತೆ ಸೇರಿದ ದಿನದ ನಡಾವಳಿ ಬರೆದದ್ದು ಬೇರೆ ಕೈ.

ಒಳಗೆ ಬರಲಾಗದವರು

ಪುಸ್ತಕದಲ್ಲಿ ಯಾರಿಲ್ಲ ಎಂದೂ ನೋಡಲೇಬೇಕು, ಇಲ್ಲದಿದ್ದರೆ ನೀವು ಬರೆಯುವ ಊರಿನ ಕಥೆ ಅರ್ಧ ಸುಳ್ಳಾಗುತ್ತದೆ. ಹೊಸಬನ ಅರ್ಜಿಗೆ ಮತ ಹಾಕುವಾಗ ಮುಚ್ಚಿದ ಪೆಟ್ಟಿಗೆಯೊಳಗೆ ಬಿಳಿ ಗೋಲಿ ಅಥವಾ ಕಪ್ಪು ಗೋಲಿ ಬಿಡುತ್ತಿದ್ದರು. ಮೇಸನ್ನರಲ್ಲಿ ಒಂದೇ ಕಪ್ಪು ಗೋಲಿ ಸಾಕು, ಅರ್ಜಿ ಬಿತ್ತು. ಕಾರಣ ಯಾರೂ ಬರೆದಿಡುವುದಿಲ್ಲ. ಮಾಡರ್ನ್ ವುಡ್‌ಮೆನ್ ಗಣಿ ಕೆಲಸದವರನ್ನು, ರೈಲಿನ ಬ್ರೇಕ್ ಹಾಕುವವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬೇಗ ಸಾಯುವ ಕೆಲಸ ಎಂಬ ಲೆಕ್ಕ. ಆಸರೆ ಹೆಚ್ಚು ಬೇಕಿದ್ದವರೇ ಹೊರಗುಳಿದರು.

ಆಡ್ ಫೆಲೋಸ್ ನಿಯಮದಲ್ಲಿ ‘ಬಿಳಿಯ ಗಂಡಸು’ ಎಂದೇ ಬರೆದಿತ್ತು. ಕರಿಯ ಜನ ಅಲ್ಲಿಗೆ ಕೈಕಟ್ಟಿ ನಿಲ್ಲಲಿಲ್ಲ. ಬಾಸ್ಟನ್ನಿನ ಪ್ರಿನ್ಸ್ ಹಾಲ್ 1784ರಲ್ಲೇ ಇಂಗ್ಲೆಂಡಿನಿಂದ ನೇರವಾಗಿ ಮೇಸನ್ ಚಾರ್ಟರ್ ಪಡೆದಿದ್ದ. 1843ರಲ್ಲಿ ಪೀಟರ್ ಆಗ್ಡನ್ ಹಾಗೆಯೇ ಇಂಗ್ಲೆಂಡಿನ ಚಾರ್ಟರ್ ತಂದು ಕರಿಯರ ಆಡ್ ಫೆಲೋಸ್ ಶಾಖೆ ಕಟ್ಟಿದ. ವರ್ಜೀನಿಯಾದ ರಿಚ್‌ಮಂಡಿನಲ್ಲಿ ಮ್ಯಾಗಿ ಲೀನಾ ವಾಕರ್ ಎಂಬ ಮಹಾತಾಯಿ ಕರಿಯರದೇ ಆದ ಸೇಂಟ್ ಲ್ಯೂಕ್ ಸಂಘವನ್ನು ಸಾಲದಿಂದ ಎತ್ತಿ, 1903ರಲ್ಲಿ ಅದರದೇ ಬ್ಯಾಂಕು ತೆರೆದರು. ಈ ಸಂಘಗಳು ಡೈರೆಕ್ಟರಿಯಲ್ಲಿ ಪುಟದ ಕೊನೆಗೆ, ಬೇರೆ ಗುಂಪಾಗಿ, ಹೆಸರಿನ ಮುಂದೆ ಚುಕ್ಕಿ ಅಥವಾ ಒಂದಕ್ಷರದ ಗುರುತಿನೊಂದಿಗೆ ಇರುತ್ತವೆ. ಬಿಟ್ಟು ಮುಂದೆ ಹೋಗಬೇಡಿ.

ಹಳೆಯ ಟ್ರಂಕಿನಿಂದ ಕು ಕ್ಲಕ್ಸ್ ಕ್ಲಾನ್‌ನ, ಅಂದರೆ ಬಿಳಿಯರ ಜನಾಂಗದ್ವೇಷಿ ಗುಪ್ತ ಸಂಘಟನೆಯ ವಸ್ತುವೂ ಬರಬಹುದು. 1915ರಲ್ಲಿ ಅದನ್ನು ಮತ್ತೆ ಹುಟ್ಟುಹಾಕಿದ ವಿಲಿಯಂ ಸಿಮನ್ಸ್ ಭ್ರಾತೃ ಸಂಘಗಳಿಗೆ ಸದಸ್ಯರನ್ನು ಸೇರಿಸುವ ಕೆಲಸದಲ್ಲಿದ್ದವನು. ಲಾಡ್ಜಿನ ನಿಲುವಂಗಿ, ಬಿರುದು, ವಂತಿಗೆ ಎಲ್ಲವನ್ನೂ ದ್ವೇಷಕ್ಕೆ ಬಳಸಿಕೊಂಡ. ಸಿಕ್ಕರೆ ಎಸೆಯಬೇಡಿ, ಮಾರಬೇಡಿ, ಇನ್ನೊಂದು ಸಂಘದ್ದೆಂದು ಬರೆಯಬೇಡಿ. ಏನೆಂದು ಸ್ಪಷ್ಟವಾಗಿ ಬರೆದು ಮ್ಯೂಸಿಯಮ್ಮಿಗೆ ಒಪ್ಪಿಸಿ.

ದೀಕ್ಷೆಯ ಆಟಗಳ ಬಗ್ಗೆ ಕುತೂಹಲ ತಡೆಯಲಾಗದಿದ್ದರೆ ಇಲಿನಾಯ್‌ನ ಗ್ರೀನ್‌ವಿಲ್‌ಗೆ ಹೋಗಿ ಬನ್ನಿ. ಡಿಮೌಲಿನ್ ಸಹೋದರರು 1890ರ ದಶಕದಿಂದ ಅಲ್ಲಿ ಲಾಡ್ಜುಗಳಿಗೆ ಗಾಲಿಯ ಮೇಲೆ ಉರುಳುವ ಬೊಂಬೆ ಮೇಕೆ, ಹಠಾತ್ತನೆ ಕುಸಿಯುವ ಕುರ್ಚಿ ಮಾಡಿ ಮಾರುತ್ತಿದ್ದರು. ಈಗ ಮ್ಯೂಸಿಯಂ ಇದೆ. ಹಳೆಯ ಆಡ್ ಫೆಲೋಸ್ ಕಟ್ಟಡದ ಬೀರುವಿನಲ್ಲಿ ಅಸ್ಥಿಪಂಜರ ಸಿಕ್ಕ ಸುದ್ದಿಯನ್ನೂ ಕೇಳಿರುತ್ತೀರಿ. ಸಾವನ್ನು ನೆನಪಿಸಲು ದೀಕ್ಷೆಯಲ್ಲಿ ಬಳಸುತ್ತಿದ್ದರು. ನಿಮಗೆ ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಎಷ್ಟೋ ಸಲ ಅದು ನಿಜವಾದ ಮನುಷ್ಯನದೇ.

ಕೊನೆಗೆ ಕೋರ್ಟ್‌ಹೌಸ್

ಸಂತಾಪದ ಠರಾವು ಸಿಕ್ಕಿದ ಮೇಲೆ ಎರಡು ಮೂರು ತಿಂಗಳ ಮುಂದಿನ ಪತ್ರಿಕೆಗಳನ್ನು ಬಿಡದೆ ನೋಡಿ. ವಿಮೆಯ ದುಡ್ಡು ಬಂದಾಗ ವಿಧವೆ ಪತ್ರಿಕೆಯಲ್ಲಿ ಕೃತಜ್ಞತೆಯ ನಾಲ್ಕು ಸಾಲು ಹಾಕಿಸುವುದು ವಾಡಿಕೆಯಾಗಿತ್ತು. 1913ರ ಏಪ್ರಿಲಿನ ಸಂಚಿಕೆಯಲ್ಲಿ ಜೀನುಗಾರನ ಹೆಂಡತಿಯದು ಇತ್ತು. ಅದರಿಂದಲೇ ಅವನು ಮಾಡರ್ನ್ ವುಡ್‌ಮೆನ್ ಕೂಡ ಆಗಿದ್ದ ಎಂದು ತಿಳಿದದ್ದು: ಅವರ ಕ್ಯಾಂಪು (ಊರ ಶಾಖೆಗೆ ಅವರು ಇಟ್ಟ ಹೆಸರು) 2000 ಡಾಲರನ್ನು ತಡಮಾಡದೆ ಕೊಟ್ಟಿತು ಎಂದು ಆಕೆ ಬರೆಸಿದ್ದಳು.

ಅಷ್ಟಕ್ಕೆ ನಿಲ್ಲದೆ ಕೌಂಟಿ ಕೋರ್ಟ್‌ಹೌಸಿನಲ್ಲಿ ಆಸ್ತಿ ನೋಂದಣಿಯ ಕಚೇರಿಗೆ ಹೋಗಿ. ಮನೆಯ ವಿಳಾಸ ಸಾಲದು. ನಿಮ್ಮ ಕ್ರಯಪತ್ರದಲ್ಲಿರುವ ಬ್ಲಾಕ್ ಮತ್ತು ಲಾಟ್ ಸಂಖ್ಯೆ ಬರೆದುಕೊಂಡು ಹೋಗಿ. ಕೊಟ್ಟವರ, ಕೊಂಡವರ ಹೆಸರಿನ ಸೂಚಿ ಬೇರೆ ಬೇರೆ ಪುಸ್ತಕಗಳಲ್ಲಿರುತ್ತದೆ. ಅಡಮಾನದ ರಿಜಿಸ್ಟರ್ ಬೇರೆಯೇ ಕೇಳಿ ತೆಗೆಸಿಕೊಳ್ಳಬೇಕು. ಒಂದೊಂದು ಪುಸ್ತಕವೂ ಹತ್ತು ಕಿಲೋ ತೂಗುತ್ತದೆ, ಸಿಬ್ಬಂದಿಯನ್ನು ಕರೆಯಿರಿ, ಒಬ್ಬರೇ ಎಳೆಯಬೇಡಿ. ಊಟದ ಹೊತ್ತು ಬಿಟ್ಟು ಹೋದರೆ ಅವರಿಗೂ ಬಿಡುವಿರುತ್ತದೆ. ಪುಟ ಸಿಕ್ಕಿದ ಮೇಲೆ ಅಚ್ಚುಕಟ್ಟಾದ ಬರಹವನ್ನು ಬಿಟ್ಟು ಎಡಗಡೆಯ ಖಾಲಿ ಅಂಚು ನೋಡಿ. ಸಾಲ ತೀರಿದಾಗ ಕೊಟ್ಟವನು ಬಂದು ಆ ಅಂಚಿನಲ್ಲೇ ಬರೆದು ಸಹಿ ಹಾಕುತ್ತಿದ್ದ.

ನಮ್ಮ ಮನೆಯ ಅಡಮಾನದ ಪುಟದ ಅಂಚಿನಲ್ಲಿ ಅಡ್ಡಡ್ಡ ಮೂರು ಸಾಲು. ಶಾಯಿ ಕಂದಾಗಿದೆ. ‘ಪೂರ್ತಿ ಸಂದಾಯವಾಗಿದೆ’, ಕೆಳಗೆ ಸಹಿ, ಅದರ ಕೆಳಗೆ 1913ರ ಮೇ ತಿಂಗಳ ತಾರೀಖು. ಪ್ರತಿಗೆ ಒಂದು ಡಾಲರ್ ಕಟ್ಟಿ ನಕಲು ಪಡೆದೆ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋಟೋ ಕಳುಹಿಸಿದೆ. ಅಲ್ಲಿ ರಾತ್ರಿ ಹತ್ತು ದಾಟಿತ್ತು, ಆದರೂ ಕೂಡಲೇ ಫೋನ್ ಬಂತು.

“ಉತಾರದಾಗಿನ ಬೋಜಾ ಇಳೀತು ಅನ್ನು,” ಎಂದರು ಅಪ್ಪ. “ಆಕಿ ಮನಿ ಆಕೀಗೇ ಉಳೀತು.”

ನಕಲಿನ ಪ್ರತಿಯನ್ನು ಆ ತಗಡಿನ ಡಬ್ಬಿಯಲ್ಲಿಟ್ಟಿದ್ದೇನೆ. ರಿಬ್ಬನ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ. ಬೇಸಿಗೆಯಲ್ಲಿ ಕೆಂಪು ಮುಖ ಮೇಲಿರುತ್ತದೆ, ಫೆಬ್ರವರಿಯಲ್ಲಿ ನಾನೇ ಕೈಗವಸು ಹಾಕಿಕೊಂಡು ಮಗುಚಿ ಇಡುತ್ತೇನೆ.